ನಿಘಂಟಿನಲ್ಲಿಲ್ಲದ ಹೆಸರು

"ಈ ಹೆಸರನ್ನ ನಿಮಗೆ ಇಟ್ಟಿದ್ದು ಯಾರು?"

ಕಲ್ಲು ಕೆತ್ತುವವನ ದನಿಗೆ ಅವಳು ಬೆಚ್ಚಿಬಿದ್ದಳು. ತೀರಿಹೋದ ಅಮ್ಮನ ಸಮಾಧಿಗೆ ಕಲ್ಲು ಮಾಡಿಸಲು ಬಂದಿದ್ದಳು, ಚೀಟಿಯಲ್ಲಿ ತನ್ನ ಹೆಸರು ಬರೆದುಕೊಟ್ಟಿದ್ದಳು, ಅಷ್ಟೇ. ಅವನು ಆ ಚೀಟಿಯನ್ನೇ ದಿಟ್ಟಿಸುತ್ತಿದ್ದ.

"ಅಮ್ಮ. ಯಾಕೆ?"

"ಅರ್ಥ ಗೊತ್ತಾ?"

"ಅದನ್ನ ಕೇಳದವರೇ ಇಲ್ಲ ಬಿಡಿ! ಯಾವ ನಿಘಂಟಲ್ಲೂ ಇಲ್ಲ. ಅಮ್ಮನನ್ನ ಕೇಳಿದ್ರೆ ಎದ್ದು ಹೋಗಿಬಿಡೋಳು."

"ನಿಘಂಟಲ್ಲಿ ಸಿಗಲ್ಲ," ಎಂದ ಅವನು. "ಹುಟ್ಟಿ ಸತ್ತ ಮೂರು ಹೆಣ್ಣುಮಕ್ಕಳ ಹೆಸರಿನ ಮೊದಲಕ್ಷರ ಸೇರಿಸಿ, ನಾಲ್ಕನೆಯವಳಿಗೆ ಒಬ್ಬ ಅಪ್ಪ ಕಟ್ಟಿದ ಹೆಸರು. ಇವಳಾದ್ರೂ ಬದುಕಲಿ ಅಂತ."

"ಬದುಕಿದ್ಲಾ?"

ಅವನು ಚೀಟಿಯನ್ನು ಮಡಚಿ ಜೇಬಿಗಿಟ್ಟ. "ಕಲ್ಲಿಗೆ ಒಂದು ತಿಂಗಳಾಗುತ್ತೆ, ಹೋಗಿ," ಎಂದುಬಿಟ್ಟ.

ಎಂಥ ಒರಟ! ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಕಲ್ಲು ನೋಡುವ ನೆಪದಲ್ಲಿ ವಾರಕ್ಕೊಮ್ಮೆ ಹೋದಳು. ತನ್ನ ಟೈಲರಿಂಗ್ ಅಂಗಡಿಗೆ ಬೀಗ ಜಡಿದು ಓಡುವಷ್ಟು ಅವಸರ ಏನಿತ್ತೋ! ಅವನೂ ಕಮ್ಮಿಯಿಲ್ಲ... ಒಂದು ತಿಂಗಳ ಕೆಲಸವನ್ನು ನಾಲ್ಕು ತಿಂಗಳು ಎಳೆದ. ಕೆತ್ತಿದ ಗೆರೆಯನ್ನು ಬೆರಳಲ್ಲಿ ಸವರಿ, "ಇನ್ನೂ ಸರಿಹೋಗಿಲ್ಲ ರೀ" ಎನ್ನುತ್ತಿದ್ದ. ಬಾಯಿಬಿಟ್ಟು ಇಬ್ಬರೂ ಏನನ್ನೂ ಹೇಳಲಿಲ್ಲ. ಹೇಳದಿದ್ದರೂ ಇಬ್ಬರಿಗೂ ಗೊತ್ತಿದೆ ಎಂದು ಅವಳು ನಂಬಿದ್ದಳು.

ಒಂದು ಮಧ್ಯಾಹ್ನ ಚಿಕ್ಕಮ್ಮನ ಹತ್ತಿರ ಅವನ ವಿಷಯ ಹೇಳಿದಳು, ಹೆಸರಿನ ಕಥೆಯನ್ನೂ ಹೇಳಿದಳು. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು.

"ಆ ಹೆಸರಿನವಳು ನರ್ಸು ಕಣೇ... ನೀನು ಹುಟ್ಟಿದ ಮಾರನೇ ದಿನ ಆಸ್ಪತ್ರೆಗೆ ಬೆಂಕಿ ಬಿತ್ತು. ಹೊರಗೆ ಓಡಿ ಬಂದಿದ್ದವಳು ನಿನ್ನನ್ನ ತರೋಕೆ ಮತ್ತೆ ಒಳಗೆ ನುಗ್ಗಿದ್ಲು. ಒದ್ದೆ ಕಂಬಳಿಯಲ್ಲಿ ಸುತ್ತಿ ಕಿಟಕಿಯಿಂದ ನಿನ್ನನ್ನ ದಾಟಿಸಿದ್ಲು. ಅವಳು ಬರಲಿಲ್ಲ. ಆರು ವರ್ಷದ ಮಗ ಇದ್ದ, ಅವನೇ ಇವನಿರಬೇಕು. ಆ ಹುಡುಗನ ಮುಖ ನೋಡೋ ಧೈರ್ಯ ನಿಮ್ಮಮ್ಮನಿಗೆ ಕೊನೇವರೆಗೂ ಬರಲಿಲ್ಲ."

ಅವಳು ಎದ್ದು ಹೊರಗೆ ಬಂದಳು. ಅವನ ತಾಯಿಯ ಜೀವ ತಿಂದು ಬದುಕಿದವಳು ನಾನು! ಸಾಲದ್ದಕ್ಕೆ ಆ ತಾಯಿಯ ಹೆಸರನ್ನೇ ಹೊತ್ತುಕೊಂಡು ಅವನೆದುರು ನಗುತ್ತ ಕೂತಿದ್ದೆನಲ್ಲ... ಅವತ್ತಿನಿಂದ ಅವನ ಕಡೆ ತಲೆಹಾಕಲಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ಅವನೇ ಅಂಗಡಿಗೆ ಬಂದ. ಅಂಗಿಯ ತುಂಬ ಕಲ್ಲಿನ ಪುಡಿ.

"ಗೊತ್ತಾಯ್ತಾ?"

ಹೊಲಿಗೆ ಯಂತ್ರ ನಿಂತಿತು. ಅವಳಿಗೆ ತಲೆ ಎತ್ತಲಾಗಲಿಲ್ಲ. "ನಿಮಗೆ ಮೊದಲೇ ಗೊತ್ತಿತ್ತು..."

"ಚೀಟಿ ನೋಡಿದ ದಿನಾನೇ. ಸುಳ್ಳು ಹೇಳಲ್ಲ, ಅವತ್ತು ನಿಮ್ಮನ್ನ ಕಂಡು ಹೊಟ್ಟೆ ಉರೀತು. ಯಾರದೋ ಮಗುಗೋಸ್ಕರ ನನ್ನನ್ನ ಬಿಟ್ಟು ಹೋದಳಲ್ಲ ಅಂತ."

"ಆ ಸಿಟ್ಟು ಹೋಯ್ತಾ?"

"ಪೂರ್ತಿ ಹೋಗಿಲ್ಲ. ಒಂದೊಂದು ದಿನ ಇನ್ನೂ ಬರುತ್ತೆ. ಆದ್ರೆ ನೀವು ಬರದ ಈ ಇಪ್ಪತ್ತು ದಿನ... ಅದಕ್ಕಿಂತ ಕಷ್ಟ ಆಯ್ತು."

ಅವಳು ಬಿಕ್ಕಿದಳು. "ನಾನು ಹೆಸರು ಬದಲಾಯಿಸಿಕೊಳ್ತೀನಿ. ನನ್ನನ್ನ ಕರೆದಾಗೆಲ್ಲ ಅವರು ನೆನಪಾದ್ರೆ ಹೇಗೆ ಬದುಕ್ತೀರಿ?"

ಅವನು ಪಕ್ಕದಲ್ಲಿ ಕೂತು, ಪುಡಿ ಮೆತ್ತಿದ ಕೈಯಲ್ಲಿ ಅವಳ ಕೈ ಹಿಡಿದ. ಮೊದಲ ಬಾರಿಗೆ ಅವಳನ್ನು ಹೆಸರು ಹಿಡಿದು ಕರೆದ.

"ಆ ಹೆಸರಿಂದ ಅವಳನ್ನ ನಾನು ಯಾವತ್ತೂ ಕರೆದೇ ಇಲ್ಲ," ಎಂದ. "ನನಗೆ ಅವಳು ಬರೀ ಅಮ್ಮ."