ಕುಂಟದ ಕಾಲಿಗೆ ಪಟ್ಟಿ

ನಾಯಿ ದಾಸಯ್ಯ ಮುಂದಿನ ಬಲಗಾಲನ್ನು ಎತ್ತಿಕೊಂಡೇ ಬಂದಿತ್ತು. ವಿಜಯನಗರದ ಮನೆಯಿಂದ ಅತ್ತಿಗುಪ್ಪೆಯ ದನದ ಆಸ್ಪತ್ರೆಯವರೆಗೆ, ಆಗಿನ್ನೂ ಅಲ್ಲಿ ಉಳಿದಿದ್ದ, ರಾಗಿ ಕೊಯ್ದ ಹೊಲಗಳ ಬದುವಿನ ಮೇಲೆ, ಮೂರೇ ಕಾಲಿನಲ್ಲಿ. ಜಲಜಾ ಹತ್ತು ಹೆಜ್ಜೆಗೊಮ್ಮೆ ನಿಂತು, ಬಗ್ಗಿ, “ನೋಯ್ತಾ ಇದೆಯೇನೋ ಮರೀ?” ಎಂದು ಕೇಳಿದ್ದಳು. ಕೇಳಿದಾಗಲೆಲ್ಲ ಅದು ಕಾಲನ್ನು ಇನ್ನೊಂದಿಷ್ಟು ಮೇಲೆತ್ತಿತ್ತು.

ಆಸ್ಪತ್ರೆಯೆಂದರೆ ಒಂದು ಹೆಂಚಿನ ಮನೆ. ಅಂಗಳದಲ್ಲಿ ಎತ್ತುಗಳನ್ನು ನಿಲ್ಲಿಸಿ ಕಟ್ಟಲು ನಾಲ್ಕು ಮರದ ಕಂಬ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ಕಾಂಪೌಂಡರ್ ಪಂಚಾಕ್ಷರಿಯೇ ಎಲ್ಲ. ರಾಣೆಬೆನ್ನೂರಿನ ಕಡೆಯ ಒಕ್ಕಲು ಮನೆಯವನು, ಮೂವತ್ತು ದಾಟಿದವನು. ದನದ ಮೈ ಮೇಲೆ ಕೈ ಇಟ್ಟು ಯೋಚಿಸುವವನಂತೆ ಮಾತಿಗೆ ಮುಂಚೆ ತುಸು ನಿಲ್ಲುತ್ತಿದ್ದ.

ಅವನು ನಾಯಿಯ ಕಾಲನ್ನು ಉಗುರಿನಿಂದ ಹೆಗಲಿನವರೆಗೆ ಒತ್ತಿ ನೋಡಿದ. ಹಗ್ಗ ಬಿಚ್ಚಿದ. ಅಂಗಳದ ಆ ತುದಿಗೆ ಹೋಗಿ ಬೆಲ್ಲದ ಡಬ್ಬಿ ಕುಲುಕಿದ. ದಾಸಯ್ಯ ನಾಲ್ಕೂ ಕಾಲಿನಲ್ಲಿ ಓಡಿಹೋಗಿ ಬೆಲ್ಲ ತಿಂದಿತು. ಆಮೇಲೆ ತಿರುಗಿ ಜಲಜಾಳ ಮುಖ ನೋಡಿತು. ಏನೋ ನೆನಪಾದಂತೆ ಕಾಲೆತ್ತಿಕೊಂಡಿತು. ಈ ಸಲ ಎಡಗಾಲು.

ಪಂಚಾಕ್ಷರಿ ನಕ್ಕುಬಿಟ್ಟ.

ಜಲಜಾಳಿಗೆ ಮೈಯೆಲ್ಲ ಉರಿಯಿತು. “ನಗೋದೇನು ಬಂತು? ನನ್ನ ನಾಯಿ ಸುಳ್ಳು ಹೇಳುತ್ತೆ ಅಂತೀರಾ?”

“ಸುಳ್ಳಲ್ರಿ.” ಅವನು ನಗು ಒರೆಸಿಕೊಂಡ. “ಕರಿಯಾಕ ಅದಕ್ಕ ಮಾತಿಲ್ಲ. ಕಾಲೈತಿ. ಕಾಲಿಲೆ ಕರೀತೈತಿ. ಹಿಂದ ಯಾವಾಗರ ಕಾಲಿಗೆ ಪೆಟ್ಟಾಗಿತ್ತೇನು?”

ಆಗಿತ್ತು. ಎರಡು ವರ್ಷದ ಹಿಂದೆ ಮುಳ್ಳು ಚುಚ್ಚಿದಾಗ ಅಪ್ಪ ಪಂಚೆಯ ಅಂಚು ಹರಿದು ಪಟ್ಟಿ ಕಟ್ಟಿ, ಮೂರು ದಿನ ನಾಯಿಯನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ. ಹಣೆಯ ಬಿಳಿ ಪಟ್ಟೆ ನಾಮದ ಹಾಗಿದೆಯೆಂದು ದಾಸಯ್ಯ ಎಂದು ಹೆಸರಿಟ್ಟವರೂ ಅವರೇ. ಅಪ್ಪ ಲಕ್ಷ್ಮೀಪತಿ ಹೋಗಿ ಈಗ ಎಂಟು ತಿಂಗಳು. ಜಲಜಾ ಒಂಬತ್ತೂವರೆಗೆ ಸ್ಕೂಲಿಗೆ ಹೊರಟರೆ ಐದಕ್ಕೆ ಬರುತ್ತಾಳೆ, ಬಂದು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತ ಕೂರುತ್ತಾಳೆ. ನಾಯಿ ಬೊಗಳುತ್ತದೆ, ಚಪ್ಪಲಿ ಎಳೆಯುತ್ತದೆ, ಕುಂಟುತ್ತದೆ.

“ಓನರಮ್ಮ ಯುಗಾದಿವರೆಗೂ ಟೈಮ್ ಕೊಟ್ಟಿದಾರೆ,” ಎಂದಳು. ಅವಳ ದನಿ ಇಳಿದಿತ್ತು. “ಆಮೇಲೂ ಬೊಗಳಿದ್ರೆ ನಾಯೀನ ಎಲ್ಲಾದ್ರೂ ಬಿಟ್ಟು ಬಾ, ಇಲ್ಲ ನೀನೇ ಮನೆ ಖಾಲಿ ಮಾಡು ಅಂತ. ಮನೇಲಿ ನಾನು, ಅದು. ಇಬ್ಬರೇ.”

ಪಂಚಾಕ್ಷರಿ ಕೈ ತೊಳೆಯುತ್ತ ಹೇಳಿದ: ಬೊಗಳಿದಾಗ, ಕುಂಟಿದಾಗ ನೋಡಬಾರದು. ಬೈಯಲೂಬಾರದು. “ಬೈಗುಳಾನೂ ಅದಕ್ಕ ಹೋಳಿಗಿ ಊಟ ಇದ್ದಂಗ.” ಅದು ಸುಮ್ಮನೆ ಮಲಗಿದ್ದಾಗ ನಾವಾಗಿಯೇ ಹೋಗಿ ಮೈ ಮುಟ್ಟಬೇಕು. ಬೆಳಿಗ್ಗೆ ಸಂಜೆ ತಪ್ಪದೆ ತಿರುಗಾಡಿಸಬೇಕು.

“ಮೊದಲು ಬೊಗಳೋದು ಹೆಚ್ಚಾಗ್ತೈತಿ. ನೊಗ ಇಟ್ಟ ದಿನ ಹೋರಿ ಜೋರಾಗಿ ಎಳೀತೈತಲ್ಲ, ಹಂಗ. ನಾಕನೇ ದಿನ ಸೋತು ನೋಡಿಬಿಟ್ರಿ ಅಂದ್ರ, ನಾಕ ದಿನ ಬೊಗಳಿದ್ರ ನೋಡ್ತಾರ ಅಂತ ಕಲೀತೈತಿ.”

“ಸುಮ್ಮನಿದ್ದಾಗ ಮುಟ್ಟಬೇಕಾ?” ಜಲಜಾ ಕೇಳಿದಳು. “ಸುಮ್ಮನಿದ್ದೋರನ್ನ ಯಾರು ನೋಡ್ತಾರೆ?”

“ನೋಡಂಗಿಲ್ಲ. ಅದಕ್ಕ ಹೇಳಿದ್ದು, ನೋಡಬೇಕಂತ.”

ಮನೆಗೆ ಹೋಗುವಾಗ ಆ ಮಾತು ಅವಳ ಜೊತೆಗೇ ನಡೆಯಿತು. ಚಿಕ್ಕಂದಿನಲ್ಲಿ ಅಕ್ಕಂದಿರು ಹಟ ಮಾಡಿ ರಿಬ್ಬನ್ನು ಕೊಡಿಸಿಕೊಳ್ಳುತ್ತಿದ್ದರು. ಜಲಜಾ ಏನೂ ಕೇಳುವ ಮಗುವಲ್ಲ ಎಂದು ಎಲ್ಲರೂ ಹೊಗಳಿದರು. ಅಕ್ಕಂದಿರ ಮದುವೆಗಳಾದವು. ಹೊಗಳಿಕೆ ಇವಳಿಗೆ ಉಳಿಯಿತು. ಈಗ ಅವಳಿಗೆ ಇಪ್ಪತ್ತೊಂಬತ್ತು.

ಓನರಮ್ಮ ಸತ್ಯವತಮ್ಮನವರು ಹಿತ್ತಲಿನಲ್ಲಿ ಒಂದು ಹಸು ಸಾಕಿದ್ದರು. ಆ ವಾರವೇ ಅದು ಮೇವು ಬಿಟ್ಟಿತು. ಪಂಚಾಕ್ಷರಿ ಸೈಕಲ್ಲಿಗೆ ಔಷಧಿಯ ಚೀಲ ತಗುಲಿಸಿಕೊಂಡು ಸಂಜೆ ಬಂದ. ಹಸುವಿಗೆ ಸೂಜಿ ಚುಚ್ಚಿ, ಬಚ್ಚಲ ತೊಟ್ಟಿಯಲ್ಲಿ ಕೈ ತೊಳೆಯುತ್ತಿದ್ದಾಗ ದಾಸಯ್ಯ ಬೊಗಳಲು ಶುರು ಮಾಡಿತು.

ಬಾಗಿಲಲ್ಲಿ ನಿಂತ ಜಲಜಾ ಅದರ ಕಡೆ ತಿರುಗಿದಳು.

“ಅತ್ತ ನೋಡಬ್ಯಾಡ್ರಿ.”

“ಮತ್ತೆಲ್ಲಿ ನೋಡ್ಲಿ?”

“ನನ್ನ ಕಡೆ ನೋಡ್ರಿ. ಏನರ ಮಾತಾಡ್ರಿ.”

ಅವಳು ನೋಡಿದಳು. ಅವನ ಹುಬ್ಬಿನ ಮೇಲೆ ಸೋಪಿನ ನೊರೆ ಒಂದು ಚುಕ್ಕೆಯಷ್ಟು ಅಂಟಿತ್ತು. ಹೇಳಬೇಕೋ ಬಾರದೋ ತಿಳಿಯದೆ ಅದನ್ನೇ ನೋಡುತ್ತ, “ನಿಮ್ಮೂರಲ್ಲಿ ಏನು ಬೆಳೀತಾರೆ?” ಎಂದಳು.

“ಜ್ವಾಳ. ಹತ್ತಿ. ಮೆಣಸಿನಕಾಯಿ.”

“ಮೆಣಸಿನಕಾಯಿ ಖಾರಾನಾ?”

“ಮೆಣಸಿನಕಾಯಿ ಮತ್ತ ಸಿಹಿ ಇರತೈತೇನ್ರಿ?”

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು. ಅವನು ಅದನ್ನು ಕಂಡು, ಕಾಣದವನಂತೆ ಟವೆಲ್ಲಿಗೆ ಕೈ ಚಾಚಿದ. ಬೊಗಳಿಕೆ ಯಾವಾಗಲೋ ನಿಂತಿತ್ತು. “ಈಗ ಮುಟ್ರಿ,” ಎಂದ. ಇಬ್ಬರೂ ಒಟ್ಟಿಗೆ ಬಗ್ಗಿದರು. ನಾಯಿಯ ಕಿವಿಯ ಹಿಂದೆ ಅವನ ಒದ್ದೆ ಬೆರಳು ಅವಳ ಬೆರಳಿಗೆ ತಾಗಿ, ಅಲ್ಲೇ ಒಂದು ಗಳಿಗೆ ಇದ್ದು, ಹಿಂದೆ ಸರಿಯಿತು.

ಹೀಗೆ ದಿನ ಬಿಟ್ಟು ದಿನ ಅವನು ಹಸು ನೋಡಲು ಬಂದ. ನಾಯಿ ಬೊಗಳುವಷ್ಟು ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಮಾತಾಡಿದರು. ಮೊದಲ ವಾರ ಬೊಗಳಿಕೆ ಹೆಚ್ಚಿತು. ಎರಡನೆಯ ವಾರ ತಗ್ಗಿತು. ಮೂರನೆಯ ವಾರದಲ್ಲಿ, ದಿನದಿನಕ್ಕೂ ಮಾತಿನ ಸಮಯ ಕಡಿಮೆಯಾಗುತ್ತಿರುವುದು ಜಲಜಾಳಿಗೆ ಹೊಳೆಯಿತು.

ಒಂದು ಸಂಜೆ ದಾಸಯ್ಯ ಹೊಸ್ತಿಲ ಬಳಿ ಮಲಗಿದ್ದಲ್ಲಿಂದಲೇ ಒಮ್ಮೆ ಕುಂಯ್ ಎಂದಿತು, ಅಷ್ಟೆ. ಅವಳು ಬೇಕೆಂದೇ ತಿರುಗಿ ನೋಡಿದಳು. ಅದು ಎದ್ದು ಕೂತು ಬೊಗಳಿದ್ದೇ ಬೊಗಳಿದ್ದು.

“ನೋಡಿದ್ರಿ,” ಎಂದ ಪಂಚಾಕ್ಷರಿ.

“ನೋಡಿಬಿಟ್ಟೆ.”

“ಇನ್ನ ಮತ್ತ ಮೊದಲಿಂದ.” ಗದರುವ ದನಿಯಾಗಿರಲಿಲ್ಲ ಅದು. ಹಸುವಿನ ಹಗ್ಗದ ಗಂಟನ್ನು ಅವನು ಬಿಚ್ಚಿ, ಇದ್ದ ಹಾಗೆಯೇ ಮತ್ತೆ ಹಾಕುತ್ತಿದ್ದ.

ಆದರೂ ಯುಗಾದಿಗೆ ನಾಲ್ಕು ದಿನ ಮುಂಚೆಯೇ ನಾಯಿ ಪೂರ್ತಿ ಸುಮ್ಮನಾಯಿತು. ಸತ್ಯವತಮ್ಮನವರು ಹಿತ್ತಲಿನಿಂದಲೇ ಕೂಗಿ ಹೇಳಿದರು: “ಗೆದ್ದೆ ಕಣೇ ಜಲಜಾ, ನಿನ್ನ ದಾಸಯ್ಯ ಇಲ್ಲೇ ಇರಲಿ. ಆ ಕಾಂಪೌಂಡರಿಗೂ ಹೇಳಿದೀನಿ, ಹಸು ಚೆನ್ನಾಗಿದೆ, ಇನ್ನು ಬರಬೇಡಿ ಅಂತ. ಅವರಿಗೂ ಇಲ್ಲಿ ಇನ್ನೇನು ಕೆಲಸ?”

ಹಬ್ಬದ ದಿನ ಜಲಜಾ ಒಬ್ಬಳೇ ಬೇವುಬೆಲ್ಲ ತಿಂದಳು. ಮನೆ ಉಳಿದಿತ್ತು, ನಾಯಿ ಉಳಿದಿತ್ತು. ಸಂಜೆ ಐದೂವರೆಗೆ ರಸ್ತೆಯಲ್ಲಿ ಯಾರದೋ ಸೈಕಲ್ ಬೆಲ್ ಕೇಳಿದರೆ ಅವಳ ಪೆನ್ನು ನಿಲ್ಲುತ್ತಿತ್ತು. ನಾಯಿಯ ಕಿವಿಯೂ ನಿಮಿರುತ್ತಿತ್ತು. ಬೆಲ್ ದೂರ ಹೋದ ಮೇಲೆ ಇಬ್ಬರೂ ತಲೆ ಬಗ್ಗಿಸುತ್ತಿದ್ದರು. “ಬೊಗಳೋ ಒಂದ್ಸಲ,” ಎಂದಳು ಒಂದು ದಿನ. ಅದು ಬಾಲ ಅಲ್ಲಾಡಿಸಿತು, ಬೊಗಳಲಿಲ್ಲ.

ಹಬ್ಬ ಕಳೆದ ಮುಂದಿನ ವಾರ, ಶನಿವಾರ ಸ್ಕೂಲಿನಿಂದ ಮಧ್ಯಾಹ್ನವೇ ಬಂದವಳು ಪೆಟ್ಟಿಗೆ ತೆಗೆದು, ಅಪ್ಪನ ಹಳೆಯ ಪಂಚೆಯ ಅಂಚು ಹರಿದು, ದಾಸಯ್ಯನ ಮುಂಗಾಲಿಗೆ ಪಟ್ಟಿ ಕಟ್ಟಿದಳು. ಬದುವಿನ ಮೇಲೆ ಅದು ನಾಲ್ಕೂ ಕಾಲಿನಲ್ಲಿ ಕುಣಿಯುತ್ತ ಮುಂದೆ ಮುಂದೆ ಓಡಿತು.

ಆಸ್ಪತ್ರೆಯ ಅಂಗಳ ಖಾಲಿಯಿತ್ತು. ಪಂಚಾಕ್ಷರಿ ಪಟ್ಟಿಯನ್ನು ನೋಡಿದ, ಹಾರಿ ಮೈಮೇಲೆ ಬಿದ್ದ ನಾಯಿಯನ್ನು ನೋಡಿದ.

“ಪಟ್ಟಿ ಚಲೋ ಕಟ್ಟೀರಿ. ಕುಂಟಬೇಕು ಅಂತ ಅದಕ್ಕ ಹೇಳೋದು ಮರ್ತೀರಿ.”

ಜಲಜಾಳ ಕಿವಿಯವರೆಗೂ ಬಿಸಿಯೇರಿತು. ತಿರುಗಿ ಹೋಗಿಬಿಡಬಹುದಿತ್ತು. ಹೋದರೆ ಮತ್ತೆ ಬರಲು ನೆಪಕ್ಕೆ ಇನ್ನೊಂದು ಕಾಲು ಇರಲಿಲ್ಲ.

“ಅದರ ಕಾಲಿಗೆ ಏನೂ ಆಗಿಲ್ಲ,” ಎಂದಳು. “ನಿಮ್ಮನ್ನ ನೋಡ್ಬೇಕಿತ್ತು. ಕೇಳಿ ಅಭ್ಯಾಸ ಇಲ್ಲ ನಂಗೆ.”

ಅವನು ಎಂದಿನಂತೆ ತುಸು ನಿಂತ. ಬಗ್ಗಿ ಪಟ್ಟಿ ಬಿಚ್ಚಿದ. ಅದನ್ನು ಮಡಿಸುತ್ತ ಮಡಿಸುತ್ತ ಹೇಳಿದ: “ಆ ಹಸುವಿಗೆ ಒಂದ ಸೂಜಿ ಸಾಕಾಗಿತ್ರಿ. ಎರಡನೇ ದಿನಕ್ಕ ಆರಾಮಾಗಿತ್ತು. ಆಮ್ಯಾಲ ನಾ ಬಂದಿದ್ದೆಲ್ಲ ಕುಂಟಿಕೋತನ ಬಂದಿದ್ದು.”

ಬೇವಿನ ಮರದಿಂದ ಹೂವು ಸದ್ದಿಲ್ಲದೆ ಉದುರುತ್ತಿತ್ತು. ಇಬ್ಬರೂ ಜಗಲಿಯ ಮೇಲೆ ಕುಳಿತರು, ನಡುವೆ ಒಂದು ನಾಯಿಯಷ್ಟು ಜಾಗ ಬಿಟ್ಟು. ದಾಸಯ್ಯ ಹಾರಿ ಬಂದು ಅಲ್ಲಿ ಕೂತಿತು.

“ನಮ್ಮವ್ವ ಒಪ್ಪಂಗಿಲ್ಲ,” ಎಂದ. “ಲಿಂಗ ಕಟ್ಟಿದ ಮನಿ. ನಿಮ್ಮದು ನಾಮದ ಮನಿ. ವರ್ಷಾನುಗಟ್ಟಲೆ ಬೈದಾಳು. ನಿಮ್ಮ ಮನ್ಯಾಗೂ...”

“ನಮ್ಮನೇಲಿ ಬೇಡ ಅನ್ನೋಕೂ ಯಾರೂ ಇಲ್ಲ.”

ಇದನ್ನು ಅವಳು ಹಗುರವಾಗಿ ಹೇಳಲು ನೋಡಿದ್ದಳು. ಕೊನೆಯ ಮಾತಿಗೆ ಬರುವಷ್ಟರಲ್ಲಿ ದನಿ ಸೋತಿತು. ಆಮೇಲೆ ಅವಳು ಏನೂ ಹೇಳಲಿಲ್ಲ. ಏನೂ ಕೇಳಲಿಲ್ಲ. ತೊಡೆಯ ಮೇಲೆ ಕೈ ಇಟ್ಟುಕೊಂಡು, ಕೊಯ್ದ ಹೊಲದ ಕಡೆ ನೋಡುತ್ತ ಕುಳಿತಳು, ಇಪ್ಪತ್ತೊಂಬತ್ತು ವರ್ಷ ಕುಳಿತ ಹಾಗೆಯೇ.

ದಾಸಯ್ಯ ಇಬ್ಬರ ನಡುವಿನಿಂದ ಎದ್ದು ಇಳಿದುಹೋಗಿ ನೆರಳಲ್ಲಿ ಮಲಗಿತು.

ಪಂಚಾಕ್ಷರಿ ಮಡಿಸಿದ ಪಟ್ಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಕೈಯನ್ನು ಪಂಚೆಗೆ ಒರೆಸಿಕೊಂಡ. ಅವಸರವಿಲ್ಲದೆ ಚಾಚಿ, ಸುಮ್ಮನೆ ಬಿದ್ದಿದ್ದ ಅವಳ ಕೈಯ ಮೇಲೆ ಇಟ್ಟ.