ಸೇಟ್ರ ಮನೆಯ ಮೆಣಸು

ಅಸಹ್ಯ ಪಡುವುದರಲ್ಲಿ ಜಯಸಿಂಹನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಮುಂಬಯಿಯಲ್ಲಿ ಉಳಿದಿರಲಾರ. ಲೋಕಲ್ ರೈಲಿನ ಹಿಡಿಕೆಯನ್ನು ಕರವಸ್ತ್ರ ಸುತ್ತದೆ ಅವನು ಮುಟ್ಟಿದ್ದೇ ಇಲ್ಲ. ಪಾರಿವಾಳದ ಹಿಕ್ಕೆ ಕಣ್ಣಿಗೆ ಬಿದ್ದರೆ ಆ ದಿನದ ಊಟ ಮುಗಿದಂತೆ. ಪರಂಗಿ ಹಣ್ಣನ್ನು ಕುರ್ಲಾದಲ್ಲಿ ಹೆಚ್ಚಿದರೆ ಸಾಂತಾಕ್ರೂಜ್‌ನಲ್ಲಿ ಕೂತ ಅವನಿಗೆ ಓಕರಿಕೆ ಬರುತ್ತಿತ್ತು. ಅಂಥವನಿಗೆ ದೇವರು ಕೊಟ್ಟ ಯಜಮಾನರು ದೂಜ ಸೇಟ್ರು. ಹೋಟೆಲಿನ ಅಡುಗೆಮನೆಗೆ ನುಗ್ಗಿ, ಸೌಟಿನಿಂದ ಅಂಗೈಗೆ ಸಾರು ಸುರಿದುಕೊಂಡು ಸೊರ್ರೆಂದು ಹೀರಿ, ಅದೇ ಕೈಯಿಂದ ಜಯಸಿಂಹನ ಇಸ್ತ್ರಿ ಮಾಡಿದ ಬೆನ್ನು ತಟ್ಟಿ, “ಹೇಗುಂಟು ಮ್ಯಾನೇಜರೇ?” ಎನ್ನುವವರು.

ಆ ಒದ್ದೆ ಬೆನ್ನನ್ನು ಅವನು ಇಷ್ಟು ವರ್ಷ ಸಹಿಸಿದ್ದು ಒಂದೇ ಆಸೆಗೆ: ಭಾಂಡುಪ್‌ನಲ್ಲಿ ತೆರೆಯಲಿದ್ದ ಹೊಸ ಹೋಟೆಲು ತನ್ನ ಕೈಗೆ ಬರುತ್ತದೆಂದು. ಬಂತೇ? ಸೇಟ್ರು ಅದರ ಬೀಗದ ಕೈಯನ್ನು ತಂಗಿಯ ಮಗ ಮನೀಶನಿಗೆ ಕೊಟ್ಟರು. ತೋಳಿನಿಂದ ಮೂಗು ಒರೆಸಿಕೊಂಡು, ಅದೇ ತೋಳಿನಿಂದ ಮೇಜನ್ನೂ ಒರೆಸುವ ಮನೀಶನಿಗೆ! ಮೈಸೂರಿನಲ್ಲಿ ಬಿ.ಕಾಂ. ಮಾಡಿದ ಜಯಸಿಂಹ ಅಂದೇ ತೀರ್ಮಾನಿಸಿದ. ಈ ಕೊಳೆಯನ್ನು ತೊಳೆಯಬೇಕು, ತೊಳೆದವನ ಕೈ ಒದ್ದೆಯಾಗಿದ್ದು ಯಾರಿಗೂ ಕಾಣಬಾರದು.

ಸೇಟ್ರ ಜೀವ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಕಾರ್ಕಳದ ಹತ್ತಿರ ಅವರ ಅಜ್ಜ ಹಲಸಿನ ಮರಗಳಿಗೆ ಹಬ್ಬಿಸಿದ ಕರಿಮೆಣಸಿನ ಬಳ್ಳಿಗಳಲ್ಲಿ. ಆ ಬಳ್ಳಿಯ ನಖರಾ ಮಹಾರಾಣಿಯರಿಗೂ ಇರಲಿಕ್ಕಿಲ್ಲ. ಮಳೆ ಸುರಿಯಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಬಿಸಿಲು ಬೇಕು, ಅದೂ ಎಲೆಗಳ ನಡುವೆ ಸೋಸಿ ಬರಬೇಕು. ಒರಗಲು ಮರ ಬೇಕೇಬೇಕು. ಇದನ್ನೆಲ್ಲ ಸೇಟ್ರು ಹೇಳಿ ಹೇಳಿ ಜಯಸಿಂಹನಿಗೆ ಬಾಯಿಪಾಠವಾಗಿತ್ತು. ಆ ಮೆಣಸಿನ ಸಾರಿಗೆ ಇಡೀ ಏಷ್ಯಾ ಖಂಡವೇ ಸಾಲು ನಿಲ್ಲುತ್ತದೆಂದು ಸೇಟ್ರ ನಂಬಿಕೆ. ಅದಕ್ಕೆ ಕಲಬೆರಕೆ ಮಾಡಿದವನನ್ನು, ತಂಗಿಯ ಮಗನಿರಲಿ, ಸ್ವಂತ ಮಗನಾದರೂ ಅವರು ಬಿಡುವವರಲ್ಲ.

ಕಲಬೆರಕೆಗೆ ಒಣಗಿದ ಪರಂಗಿ ಬೀಜದಂಥದ್ದು ಇನ್ನೊಂದಿಲ್ಲ. ನೋಡಲು ಅದೇ ಕಪ್ಪು, ಅದೇ ಸುಕ್ಕು. ಇನ್ನೂ ಸೊಗಸೆಂದರೆ, ಪರಂಗಿ ಕಂಡರೆ ಮಾರು ದೂರ ಓಡುವ ಜಯಸಿಂಹನ ಮೇಲೆ ಬ್ರಹ್ಮನಿಗೂ ಅನುಮಾನ ಬರುವಂತಿರಲಿಲ್ಲ.

ಹೆಂಡತಿ ವಿಮಲಾ ಡೊಂಬಿವಲಿಯ ಅಕ್ಕನ ಮನೆಗೆ ಹೋದ ವಾರ ಅವನು ಕುರ್ಲಾ ಸ್ಟೇಷನ್ನಿನ ಹೊರಗೆ ಹಣ್ಣು ಹೆಚ್ಚುವವನ ಕಸದ ಬಕೆಟ್ಟಿನಿಂದ ಬೀಜ ತಂದ. ಲೋಳೆ ಲೋಳೆ; ಕಪ್ಪೆಯ ಮೊಟ್ಟೆಯ ಹಾಗೆ ಬೆರಳಿಗೆ ಅಂಟುವಂಥದ್ದು. ಇನ್ನೊಬ್ಬನಾಗಿದ್ದರೆ ಹಾಗೆಯೇ ಒಣಗಿಸುತ್ತಿದ್ದ. ಜಯಸಿಂಹನಿಗೆ ಅದಾಗುತ್ತದೆಯೇ? ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೀಜಗಳನ್ನು ತೂತು ಬಿದ್ದ ಹಳೆಯ ಬನಿಯನ್ನಿನಲ್ಲಿ ಹಾಕಿ, ಲೋಳೆಯ ಹೆಸರೂ ಉಳಿಯದಂತೆ ಬಕೆಟ್ ನೀರಿನಲ್ಲಿ ಉಜ್ಜಿದ. ನಡುನಡುವೆ ವಾಂತಿ ಮಾಡಿಕೊಂಡ. ತೊಳೆದ ನೀರನ್ನು ಮೋರಿಗೆ ಹಾಕಲಿಲ್ಲ. ಮೋರಿ ಕಟ್ಟಿಕೊಂಡರೆ ಬಿಲ್ಡಿಂಗಿಗೆ ಬಿಲ್ಡಿಂಗೇ ಬಂದು ಇಣುಕುತ್ತದೆ. ಅಡುಗೆಮನೆಯ ಕಿಟಕಿಯ ಗ್ರಿಲ್‌ನಲ್ಲಿ ವಿಮಲಾಳ ಕುಂಡಗಳಿದ್ದವು. ಕರಿಬೇವು ಸತ್ತು, ತುಳಸಿ ಸತ್ತು, ಈಗ ಪಾರಿವಾಳಗಳ ಕಕ್ಕಸಾಗಿದ್ದ ಬರೀ ಮಣ್ಣು. ಕಣ್ಣು ಮುಚ್ಚಿ, ಉಸಿರು ಹಿಡಿದು ಅಲ್ಲಿಗೆ ಸುರಿದ. ಮಣ್ಣು ಸಾಕ್ಷಿಯನ್ನು ಕುಡಿದುಬಿಟ್ಟಿತು. ಕಿಟಕಿ ಹಾಕಿದವನು ಮತ್ತೆ ಅತ್ತ ತಿರುಗಿಯೂ ನೋಡಲಿಲ್ಲ.

ಬೀಜ ಫ್ಯಾನಿನ ಗಾಳಿಗೆ ಒಣಗಿತು. ಟಿಫಿನ್ ಡಬ್ಬಿಯಲ್ಲಿ ಭಾಂಡುಪ್‌ಗೆ ಹೋಯಿತು. ಸ್ಟಾಕ್ ನೋಡುವ ನೆಪದಲ್ಲಿ ಅವನೇ ಅದನ್ನು ಮೆಣಸಿನ ಡಬ್ಬಕ್ಕೆ ಬೆರೆಸಿದ. ವಾಪಸು ಬಂದು ಸೇಟ್ರ ಕಿವಿಯಲ್ಲಿ ಮೆಲ್ಲಗೆ, “ಭಾಂಡುಪ್ ಸಾರಿನಲ್ಲಿ ಖಾರವೇ ಇಲ್ಲ ಅಂತಾರೆ ಸೇಟ್ರೇ, ನಿಜವೋ ಸುಳ್ಳೋ,” ಎಂದ.

ಸೇಟ್ರು ಆ ಕ್ಷಣವೇ ಅವನನ್ನೂ ಕರೆದುಕೊಂಡು ಭಾಂಡುಪ್‌ಗೆ ಹೊರಟರು. ಡಬ್ಬದಿಂದ ಹಿಡಿ ಮೆಣಸು ತೆಗೆದು ನೀರಿನ ಲೋಟಕ್ಕೆ ಹಾಕಿದರು. ಮೆಣಸು ಮುಳುಗಿತು. ಪರಂಗಿ ಬೀಜ ಜಾತ್ರೆಯ ಜನದಂತೆ ಮೇಲೆ ತೇಲಿತು.

“ಪಪ್ಪಾಯಿ ಬೀಜ! ಎಂಥದಾ ಇದು?”

“ಸಚ್ಚಿ ಮಾಮ, ನನಗೆ ಕುಛ್ ಪತಾ ಇಲ್ಲ,” ಮನೀಶ ಅಳುವ ಹಾಗಾದ. “ನಾನು ಯಾಕೆ ಮಿಲಾವಟ್ ಮಾಡೋದು?”

“ಅಜ್ಜನ ಬಳ್ಳಿಯ ಮರ್ಯಾದೆ ತೆಗೆದಿಯಲ್ಲಾ! ನಡಿ ಹೊರಗೆ!”

“ಹುಡುಗು ಬುದ್ಧಿ, ಬಿಡಿ ಸೇಟ್ರೇ,” ಎಂದ ಜಯಸಿಂಹ, ಲೋಟ ನೋಡಿ ನಿಜವಾಗಿಯೇ ಓಕರಿಸುತ್ತ.

“ನೋಡು, ಇವರನ್ನು ನೋಡು! ಪಪ್ಪಾಯಿ ಕಂಡರೆ ವಾಂತಿ ಬರ್ತದೆ. ಅಡುಗೆಮನೆಗೆ ಇಂಥ ಜನ ಬೇಕು ಮಾರಾಯ.”

ಮನೀಶ ತೋಳಿನಿಂದ ಮೂಗು ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಹೋದ. ಆ ತೋಳನ್ನು ನೋಡಿ ಜಯಸಿಂಹ ಕೊನೆಯ ಬಾರಿಗೆ ಅಸಹ್ಯಪಟ್ಟುಕೊಂಡ.

ಮಳೆ ಹಿಡಿಯಿತು. ಜಯಸಿಂಹನ ಕೈಗೆ ಕೊಡುವ ಮೊದಲು ಸೇಟ್ರು ಭಾಂಡುಪ್ ಹೋಟೆಲಿಗೆ ಸುಣ್ಣ ಬಣ್ಣ ಮಾಡಿಸಿ, ಒಂದು ಭಾನುವಾರ ಬೀಗದ ಕೈ ಹಿಡಿದುಕೊಂಡು ತಾವೇ ಅವನ ಕುರ್ಲಾದ ಮನೆಗೆ ಬಂದರು. ಕೂತರು. ವಿಮಲಾ ನೀರು ತಂದಿಟ್ಟಳು. ಸೇಟ್ರು ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಜಯಸಿಂಹ ಕರವಸ್ತ್ರ ತೆಗೆದು ಅದನ್ನು ಒರೆಸಿಕೊಳ್ಳಲು ಕೈ ಚಾಚಿದ.

“ಅಣ್ಣಾ, ನೀವು ಊರಿನೋರು, ನಿಮಗೆ ಗೊತ್ತಿರುತ್ತೆ. ಇಲ್ಲಿ ಬಂದು ನೋಡಿ,” ವಿಮಲಾ ಕಿಟಕಿ ತೆರೆದಳು. “ನೀರು ಹಾಕೋದನ್ನೇ ಬಿಟ್ಟಿದ್ದ ಕುಂಡ. ಅದೇನು ಕಾಡು ಎದ್ದಿದೆ ನೋಡಿ!”

“ಇದು ಪಪ್ಪಾಯಿ ಅಲ್ವಾ ಅಕ್ಕ.”

“ಪರಂಗೀನಾ? ನಮ್ಮನೆಗೆ ಅದು ಬರೋದೇ ಇಲ್ವಲ್ಲ ಅಣ್ಣ! ಇವರಿಗೆ ವಾಸನೆಯೇ ಆಗಲ್ಲ.”

ಸೇಟ್ರು ಬಗ್ಗಿ ಕುಂಡದ ಮಣ್ಣನ್ನು ಬೆರಳಿನಿಂದ ಕೆದಕಿದರು. “ಸುಮ್ಮನೆ ಬಿದ್ದ ಬೀಜ ಹೀಗೆ ಒತ್ತೊತ್ತಾಗಿ ಏಳುವುದಿಲ್ಲ ಅಕ್ಕ. ಲೋಳೆ ಇದ್ದರೆ ಮೊಳಕೆಯೇ ತಡ. ಯಾರೋ ಚೆಂದ ಮಾಡಿ ಉಜ್ಜಿ ತೊಳೆದಿದ್ದಾರೆ,” ಎಂದರು. ಒಂದು ಸಸಿ ಕಿತ್ತು ಮೇಜಿನ ಬಳಿ ಬಂದರು. ಅದರ ಎಳೆಯ ಎಲೆಯ ತುದಿಗೆ ಬೀಜದ ಸಿಪ್ಪೆಯೊಂದು ಇನ್ನೂ ಟೋಪಿಯಂತೆ ಕೂತಿತ್ತು. ಕಪ್ಪಗೆ, ಸುಕ್ಕುಸುಕ್ಕಾಗಿ, ಥೇಟು ಮೆಣಸಿನ ಹಾಗೆ. ಸೇಟ್ರು ಅದನ್ನು ಬಿಡಿಸಿ ವಿಮಲಾ ತಂದಿಟ್ಟ ನೀರಿನ ಲೋಟಕ್ಕೆ ಹಾಕಿದರು. ಅದು ತೇಲಿತು. ಆಮೇಲೆ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಮಣ್ಣು ಮೆತ್ತಿದ ಅಂಗೈಯನ್ನು ಜಯಸಿಂಹನ ಇಸ್ತ್ರಿ ಮಾಡಿದ ಬೆನ್ನಿನ ಮೇಲಿಟ್ಟು ಕೇಳಿದರು, “ಹೇಗುಂಟು, ಮ್ಯಾನೇಜರೇ?”