ಮೊನೆಯಿಲ್ಲದ ಈಟಿ

ಈಟಿಯ ಕೋಲು ಇತ್ತು. ಕಲ್ಲಿನ ಮೊನೆ ಇರಲಿಲ್ಲ!

ನೀಲಾಂಬಿಕಾ ಬೀಗ ಹಾಕಿದ್ದ ಗಾಜಿನ ಪೆಟ್ಟಿಗೆಯನ್ನು ಮತ್ತೆ ತಡಕಿದಳು. ಬೆಂಗಳೂರಿನ ಹೂಡಿಯ ಟೆಕ್ ಪಾರ್ಕಿನಲ್ಲಿ ಮರುದಿನವೇ ವಿಜ್ಞಾನ ಪ್ರದರ್ಶನ. ಹಿಮಯುಗದ ಆದಿಮಾನವರಾದ ನಿಯಾಂಡರ್ತಾಲರು ಮರದ ತೊಗಟೆ ಕಾಯಿಸಿ ಅಂಟು ಇಳಿಸಿ ಕಲ್ಲು ಕೂರಿಸುತ್ತಿದ್ದ ವಿಧಾನದಲ್ಲೇ ಮಾಡಿಸಿ, ವಿದೇಶದಿಂದ ತರಿಸಿದ ಈಟಿ ಅದು. ಅದಿಲ್ಲದಿದ್ದರೆ ಅವಳ ವಿಭಾಗವೇ ರದ್ದು.

ಭದ್ರತಾ ಮುಖ್ಯಸ್ಥೆ ಯಮುನಾ ಬಂದಳು.

“ಕೀಲಿ ಯಾರ ಹತ್ರ ಇತ್ತು?”

“ನನ್ನ ಹತ್ರ, ಹನುಮೇಶ್ ಹತ್ರ, ಗಾರ್ಡ್ ಬಸಲಿಂಗನ ಹತ್ರ.”

“ನಾ ಮುಟ್ಟಿಲ್ರೀ ಮೇಡಂ!” ಬಸಲಿಂಗ ಕೈಮುಗಿದ. “ಕಳ್ಳ ಅನ್ನಿಸ್ಕೊಂಡು ಊರಿಗೆ ಹೆಂಗ ಹೋಗ್ಲಿ?”

ಪಕ್ಕದ ವಿಭಾಗದ ಹನುಮೇಶ ನಕ್ಕ. ‘ಬುದ್ಧಿ ಸಾಲದೆ ಅಳಿದವರು’—ನಿಯಾಂಡರ್ತಾಲರ ಬಗ್ಗೆ ಅವನು ಹಾಕಿಸಿದ್ದ ಫಲಕ ಅದು.

“ಯಾರೂ ಕದ್ದಿಲ್ಲ ಬಿಡಿ. ಕಲ್ಲಿನ ಬುಡ ನುಣ್ಣಗಿದೆ, ಹಿಡಿತಕ್ಕೆ ಒಂದು ಕಚ್ಚೂ ಇಲ್ಲ. ಅಂಟು ಒಣಗಿ ಉದುರಿದೆ, ಯಾರೋ ಗುಡಿಸಿರ್ತಾರೆ. ದಡ್ಡರ ಅಂಟು ಕಣ್ರೀ!”

“ದಡ್ಡರಲ್ಲ!” ನೀಲಾಂಬಿಕಾ ಸಿಡಿದಳು. “ಹಿಮದಲ್ಲಿ ಸಾವಿರಾರು ತಲೆಮಾರು ಬಾಳಿದೋರು. ಜನ ಕಮ್ಮಿ, ಗುಂಪುಗಳು ದೂರ ದೂರ. ಹುಟ್ಟೋ ಮಕ್ಕಳೂ ಕಮ್ಮಿಯಾಗಿರಬೇಕು. ಕೆಲವರು ನಮ್ಮೋರ ಜೊತೆ ಬೆರೆತ್ರು—ಅವರ ಅಂಶ ಇವತ್ತೂ ನಮ್ಮಲ್ಲಿದೆ. ಅಳಿದೋರೆಲ್ಲ ದಡ್ಡರಾ?”

ಯಮುನಾ ಕೋಲಿನ ತುದಿ ಸವರಿದಳು.

“ಒಣಗಿ ಉದುರಿದ್ರೆ ಅಂಟು ಚೂರಾಗಬೇಕಿತ್ತು. ಇದು ಬೆಲ್ಲದ ಪಾಕದ ಥರ ಎಳೆ ಎಳೆಯಾಗಿದೆ. ಯಾರೋ ಕಾಯಿಸಿ ಕಿತ್ತಿದ್ದಾರೆ.”

ಫಲಕ ಅಂಟಿಸಲು ತಂದಿದ್ದ ಬಿಸಿಗಾಳಿ ಯಂತ್ರ ಅಲ್ಲೇ ಬಿದ್ದಿತ್ತು. ಆದರೆ ಅದು ಎಲ್ಲರ ಕೈಗೂ ಸಿಗುವಂಥದ್ದು. ನೀಲಾಂಬಿಕಾ ಕೂರಲಾರದೆ, ನಿಲ್ಲಲಾರದೆ ಚಡಪಡಿಸಿದಳು.

“ಮೇಡಂ, ಕಲ್ಲಿನ ಬುಡ ನೀವು ಯಾವತ್ತಾದ್ರೂ ನೋಡಿದ್ರಾ?” ಯಮುನಾ ಕೇಳಿದಳು.

“ಇಲ್ಲ. ಬಂದಾಗಿಂದ ಅಂಟಿನೊಳಗೆ ಮುಚ್ಚಿತ್ತು. ಯಾರಿಗೂ ಕಾಣ್ತಿರ್ಲಿಲ್ಲ.”

“ಮತ್ತೆ ಹನುಮೇಶ್—ಅದು ನುಣ್ಣಗಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಹನುಮೇಶನ ನಗು ಅಲ್ಲೇ ಆರಿತು.

“ಕಲ್ಲು ಕಿತ್ತವನಿಗೆ ಮಾತ್ರ ಅದರ ಬುಡ ಕಾಣೋದು,” ಎಂದಳು ಯಮುನಾ. “ಕಿತ್ತಿದ್ದು ನೀವೇ. ಬಸಲಿಂಗ, ನೀನು ಹೋಗು.”

ಹನುಮೇಶ ತನ್ನ ಬ್ಯಾಗಿನಿಂದ ಕಲ್ಲು ತೆಗೆದಿಟ್ಟ. “ಈ ಈಟಿ ನೋಡಿದ್ರೆ, ಅವರು ದಡ್ಡರು ಅಂತ ಇಷ್ಟು ವರ್ಷ ನಾನು ಪಾಠ ಹೇಳಿದ್ದೆಲ್ಲ ಸುಳ್ಳು ಅಂತ ನಾಳೆ ಜನ ನಗ್ತಿದ್ರು...”

ನೀಲಾಂಬಿಕಾ ಮೊನೆಯನ್ನು ಅಂಗೈಗೆ ತೆಗೆದುಕೊಂಡಳು.

“ದಡ್ಡರ ಅಂಟು ಅಂದ್ರಿ. ಮೊದಲು ಕೈಯಲ್ಲೇ ಎಳೆದಿರ್ತೀರಲ್ಲ?”

“ಹ್ಞೂಂ... ಅಲ್ಲಾಡ್ಲೇ ಇಲ್ಲ,” ಎಂದು ಅವನು ತಲೆ ತಗ್ಗಿಸಿದ.